ಚಿಕ್ಕಯ್ಯನ ಬೂಟು

ಮೊಮ್ಮಗಳು ಭದ್ರಾ ಕಾಡಿಗೆ ಹೊರಟಿದ್ದಾಳೆಂದು ಗೊತ್ತಾದ ದಿನ ನಮ್ಮ ಮನೆಯಲ್ಲಿ ಮೂರು ಬಗೆಯ ಚಿಂತೆ ಎದ್ದಿತು. ಅವಳ ಅಜ್ಜಿಗೆ ಊಟದ ಚಿಂತೆ, ಅವಳ ತಾಯಿಗೆ ಆನೆಯ ಚಿಂತೆ, ನನಗೆ ಬೂಟಿನ ಚಿಂತೆ. ಮೊದಲೆರಡು ಚಿಂತೆಗಳನ್ನು ಎಲ್ಲರೂ ಗೌರವದಿಂದ ಕೇಳಿಕೊಂಡರು. ನನ್ನದನ್ನು ಕೇಳಿ ನಕ್ಕರು.

ಅವಳು ಪ್ರಾಣಿಶಾಸ್ತ್ರ ಓದಿದವಳು. ಮೂರು ತಿಂಗಳು ಕಾಡಿನ ಅಂಚಿನಲ್ಲಿ ಇದ್ದು, ನಸುಕಿನಲ್ಲೆದ್ದು, ಗೊತ್ತುಮಾಡಿದ ನೇರ ಗೆರೆಯ ಮೇಲೆ ಇಬ್ಬಿಬ್ಬರಾಗಿ ಸದ್ದಿಲ್ಲದೆ ನಡೆದು, ಕಂಡ ಜಿಂಕೆ, ಕಡವೆ, ಕಾಟಿಗಳನ್ನು ಎಣಿಸಿ ಬರೆದುಕೊಳ್ಳುವುದು ಅವಳ ಕೆಲಸ. ನಮ್ಮ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಇಂಥ ಎಣಿಕೆಯನ್ನು ಶಾಸ್ತ್ರೀಯವಾಗಿ ನಡೆಸಿ ಹೆಸರಾದವರು ಎಂದು ಅವಳೇ ನನಗೆ ತಿಳಿಸಿದಳು. ನಾನು ಕೇಳಿದ ಪ್ರಶ್ನೆ ಒಂದೇ: "ಕಾಲಿಗೆ ಏನು ಹಾಕ್ಕೋತೀಯ?"

"ಫೋನಲ್ಲಿ ಆರ್ಡರ್ ಮಾಡಿದ್ರೆ ನಾಳೆ ಬರುತ್ತೆ ಅಜ್ಜ. ನನ್ನ ಸೈಜು ಐದು."

ಐದು! ಕಾಲಿನ ವಿಷಯವನ್ನು ಒಂದು ಅಂಕಿಯಲ್ಲಿ ಮುಗಿಸಿಬಿಡುವ ಧೈರ್ಯ ಈ ಕಾಲದವರಿಗೆ ಮಾತ್ರ ಇದೆ. ಬೂಟಿನ ಒಂದು ನಂಬರಿಗೂ ಇನ್ನೊಂದಕ್ಕೂ ಇರುವ ಅಂತರ ಅಂಗುಲದ ಮೂರನೆಯ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರು. ಹಿಂದೆ ಇಂಗ್ಲಿಷರು ಜವೆಗೋಧಿಯ ಕಾಳಿಟ್ಟು ಅಳೆದ ಅಳತೆಯಂತೆ ಅದು. ಆ ಒಂದು ಕಾಳಿನ ಹೆಚ್ಚುಕಡಮೆಯಲ್ಲಿ ಮನುಷ್ಯನ ಆಯುಷ್ಯವೇ ಬೇರೆ ದಾರಿ ಹಿಡಿಯಬಹುದು. ಇದನ್ನು ನಾನು ಮಾತಿನ ಅಲಂಕಾರಕ್ಕೆ ಹೇಳುತ್ತಿಲ್ಲ.

ಅವಳು ಹೊರಟ ಕಾಡು ನನಗೆ ಹೊಸದಲ್ಲ. ನರಸಿಂಹರಾಜಪುರದ ಕಡೆ ನಮ್ಮ ಮನೆಯ ಹಿತ್ತಲಿನ ಬೇಲಿ ದಾಟಿದರೆ ಗದ್ದೆ, ಗದ್ದೆ ದಾಟಿದರೆ ಹಳು, ಹಳು ದಾಟಿದರೆ ಆ ಕಾಡೇ. 1974ರಲ್ಲಿ ಅದು ಭದ್ರಾ ಅಭಯಾರಣ್ಯವಾಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ನಾನು ಹುಡುಗನಾಗಿದ್ದಾಗ ಅದಕ್ಕೆ ಹೆಸರಿರಲಿಲ್ಲ. ನಾವು "ಮೇಲಿನ ಕಾಡು" ಅನ್ನುತ್ತಿದ್ದೆವು. ಆ ಮೇಲಿನ ಕಾಡಿನಿಂದ ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಗದ್ದೆಗೆ ಇಳಿಯುತ್ತಿದ್ದವು. ಒಂದು ರಾತ್ರಿಯಲ್ಲಿ ಒಂದು ಸಂಸಾರದ ವರ್ಷದ ಅನ್ನ ಮಣ್ಣುಪಾಲಾಗುತ್ತಿತ್ತು. ಆಗ ಶಿಕಾರಿ ಬರಿಯ ಶೋಕಿಯಾಗಿರಲಿಲ್ಲ, ಅರ್ಧ ಬೇಸಾಯವೇ ಆಗಿತ್ತು. ಉಳಿದರ್ಧ ಶೋಕಿಯೇ ಎಂದು ಒಪ್ಪಿಕೊಳ್ಳಬೇಕು. 1972ರ ವನ್ಯಜೀವಿ ಕಾನೂನು ಬಂದಮೇಲೆ ಎರಡೂ ನಿಂತವು, ನಿಂತದ್ದು ಒಳ್ಳೆಯದೇ ಆಯಿತು.

ನಮ್ಮ ಮನೆಯಲ್ಲಿ ಶಿಕಾರಿಯವರು ಎಂದರೆ ಚಿಕ್ಕಯ್ಯ, ನಮ್ಮಪ್ಪನ ತಮ್ಮ. ಅವರ ಹತ್ತಿರ ಒಂದು ಕೇಪಿನ ಕೋವಿ, ಎರಡು ನಾಯಿ, ಒಂದು ಜೊತೆ ಬೂಟು. ಕೋವಿ ಅಜ್ಜನ ಕಾಲದ್ದು, ನಾಯಿಗಳು ಊರಿನವು. ಬೂಟು ಮಾತ್ರ ಅವರ ಸ್ವಯಾರ್ಜಿತ. ಕಾಫಿ ತೋಟವೊಂದರಲ್ಲಿ ರೈಟರಾಗಿದ್ದ ಕೊಡಗಿನ ನಿವೃತ್ತ ಹವಾಲ್ದಾರರೊಬ್ಬರು ಎರಡನೆಯ ಮಹಾಯುದ್ಧದಲ್ಲಿ ಕೊಟ್ಟ ತಮ್ಮ ಮಿಲಿಟರಿ ಬೂಟನ್ನು ಅವರಿಗೆ ಮಾರಿದ್ದರು. ದಪ್ಪ ಚರ್ಮ, ಅಡಿಗೆ ಚರ್ಮದ್ದೇ ಅಟ್ಟೆ, ಅಟ್ಟೆಯ ತುಂಬ ಮೊಳೆ, ಹಿಮ್ಮಡಿಗೆ ಕುದುರೆಯಂತೆ ಕಬ್ಬಿಣದ ಲಾಳ. ಆ ಹವಾಲ್ದಾರರು ಸೆಪ್ಟೆಂಬರಿನ ಕೈಲ್‌ಪೊಳ್ದಿಗೆ ಮನೆಯ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವವರು. ಬೂಟಿಗೂ ಅಷ್ಟೇ ಮರ್ಯಾದೆ ಕೊಡುತ್ತಿದ್ದರಂತೆ. ಚಿಕ್ಕಯ್ಯ ಅದನ್ನು ಮನೆಗೆ ತಂದು ಮೊದಲು ಮಾಡಿದ ಕೆಲಸ, ಮೊಳೆಗಳನ್ನೆಲ್ಲ ಇಕ್ಕಳದಿಂದ ಕಿತ್ತು ಹಾಕಿದ್ದು.

ನನಗೆ ಬಹಳ ಬೇಸರವಾಯಿತು. ನಡೆದರೆ ಟಕ್ ಟಕ್ ಅನ್ನುತ್ತಿದ್ದ ಬೂಟು ಅದು! ಯಾಕೆ ಎಂದು ಕೇಳಿದೆ.

"ಬೂಟು ಕಾಲಿಗೆ ಮಾತ್ರ ಹೇಳ್ಬೇಕು ಕಣೋ, ಕಾಡಿಗೆ ಹೇಳ್ಬಾರ್ದು" ಅಂದರು. ಕಬ್ಬಿಣ ಬಂಡೆಗೆ ತಾಗಿದರೆ ಫರ್ಲಾಂಗು ದೂರದ ಹಂದಿ ಕಿವಿ ನಿಮಿರಿಸುತ್ತದೆ. ಅಲ್ಲದೆ ಪಾಚಿಗಟ್ಟಿದ ಹಳ್ಳದ ಕಲ್ಲಿನ ಮೇಲೆ ಮೊಳೆ ಕಚ್ಚುವುದಿಲ್ಲ, ಜಾರುತ್ತದೆ. ಸಂತೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಹಿರಿಯರೊಬ್ಬರ ಹತ್ತಿರ ಹಳೆಯ ಕಾರಿನ ಟಯರನ್ನು ಕತ್ತರಿಸಿ ಅಟ್ಟೆ ಮಾಡಿಸಿ, ಮೇಣ ಹಚ್ಚಿದ ದಾರದಲ್ಲಿ ಹೊಲಿಸಿಕೊಂಡರು. ಆ ಹಿರಿಯರು ಚಿಕ್ಕಯ್ಯನ ಎರಡು ಪಾದಗಳನ್ನೂ ಬೇರೆ ಬೇರೆ ಕಾಗದದ ಮೇಲೆ ಇಡಿಸಿ ಸುತ್ತ ಗೆರೆ ಎಳೆದುಕೊಂಡರು. ಎರಡು ಕಾಲೂ ಒಂದೇ ಅಲ್ಲವೇ ಎಂದಿದ್ದಕ್ಕೆ, "ಅಣ್ಣತಮ್ಮ ಒಂದೇ ಥರ ಇರ್ತಾರ ಅಯ್ಯಾ?" ಎಂದು ನಕ್ಕರು. ನಿಜವಾಗಿಯೂ ಚಿಕ್ಕಯ್ಯನ ಎಡಗಾಲು ಬಲಗಾಲಿಗಿಂತ ಅರ್ಧ ಬೆರಳು ಉದ್ದವಿತ್ತು. ಅಷ್ಟೆಲ್ಲ ಕಾಲಿನ ಶಾಸ್ತ್ರ ಬಲ್ಲ ಆ ಹಿರಿಯರು ಬರಿಗಾಲಿನಲ್ಲಿ ಕೂತಿದ್ದರು. ಶಿಕಾರಿಯ ದಿನ ಕೂಗುತ್ತ ಮುಳ್ಳಿನ ಹಳುವಿಗೆ ನುಗ್ಗಿ ಪ್ರಾಣಿ ಎಬ್ಬಿಸುತ್ತಿದ್ದ ಆಳುಗಳೂ ಬರಿಗಾಲಿನವರೇ. ಬೂಟು ಇದ್ದದ್ದು ಕಂಡಿಯಲ್ಲಿ ಕೋವಿ ಹಿಡಿದು ಸುಮ್ಮನೆ ನಿಲ್ಲುವವರಿಗೆ. ಆಗ ಇದು ನನಗೆ ಕಾಣಲಿಲ್ಲ. ಕಾಣುವುದಕ್ಕೆ ಊರು ಬಿಟ್ಟು ಬರಬೇಕಾಯಿತು.

ಬೂಟಿನ ಚಾಕರಿಗೆ ಚಿಕ್ಕಯ್ಯ ನನ್ನನ್ನು ನೇಮಿಸಿದ್ದರು. ಅವರದೇ ಒಂದು ಪಾಕವಿತ್ತು: ಜೇನುಮೇಣ, ಹರಳೆಣ್ಣೆ, ಹಂದಿಯ ಕೊಬ್ಬು, ಮೂರನ್ನೂ ಸಣ್ಣ ಉರಿಯಲ್ಲಿ ಕರಗಿಸಿ ಡಬ್ಬಿಗೆ ತುಂಬಿಡುವುದು. ಅಮ್ಮ ಆ ಪಾತ್ರೆಯನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಬೂಟಿನ ಕೆಸರನ್ನು ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ದಾರ ಬಿಚ್ಚಿ, ನಾಲಗೆ ಹೊರಗೆಳೆದು, ನೆರಳಿನಲ್ಲಿ ಗಾಳಿಗಿಟ್ಟು, ಪೂರಾ ಒಣಗುವ ಮುಂಚೆ, ಇನ್ನೂ ಸ್ವಲ್ಪ ತಂಪು ಇರುವಾಗಲೇ ಈ ಪಾಕವನ್ನು ಬೆರಳಿನಿಂದ ತಿಕ್ಕಬೇಕು. ಹೊಲಿಗೆಯ ಸಾಲಿಗೆ ಹೆಚ್ಚು, ಉಳಿದ ಕಡೆ ತೆಳುವಾಗಿ. ಹೆಚ್ಚು ಬಳಿದರೆ ಚರ್ಮ ಕೊಳೆತ ಬಾಳೆಹಣ್ಣಿನಂತೆ ಮೆತ್ತಗಾಗಿ ಹರಡು ನಿಲ್ಲುವುದಿಲ್ಲ ಎಂದು ಎಚ್ಚರಿಸುತ್ತಿದ್ದರು. ಉಂಬಳದ ಕಾಲದಲ್ಲಿ ಸುಣ್ಣ ಬೆರೆಸಿ ಅರೆದ ಹೊಗೆಸೊಪ್ಪನ್ನು ಕಾಲುಚೀಲಕ್ಕೆ ಸವರುವುದು. ಉಪ್ಪು ಬೇಡ, ಉಪ್ಪು ಚರ್ಮವನ್ನು ತಿನ್ನುತ್ತದೆ. ಇದೆಲ್ಲವನ್ನೂ ನಾನು ಕಲಿತಿದ್ದೆ. ಒಂದನ್ನು ಮಾತ್ರ ಅವರು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ, ಯಾರಿಗಾದರೂ ಗೊತ್ತಿರುವ ವಿಷಯ ಅಂದುಕೊಂಡಿದ್ದರೋ ಏನೋ.

1966ರ ನವರಾತ್ರಿ ರಜೆ. ನನಗೆ ಹದಿನಾಲ್ಕು. ಮಳೆ ಇನ್ನೂ ಬಿಟ್ಟಿರಲಿಲ್ಲ. ಹಿಂದಿನ ದಿನ ಗದ್ದೆ ಕಾಯಲು ಹೋಗಿ ಬಂದ ಚಿಕ್ಕಯ್ಯನ ಬೂಟು ನೀರು ಕುಡಿದು ಒಂದೊಂದು ಎರಡು ಸೇರು ತೂಗುತ್ತಿತ್ತು. ಮರುದಿನ ನಸುಕಿಗೆ ಶಿಕಾರಿ ಗೊತ್ತಾಗಿತ್ತು. "ಬೂಟು ನೋಡ್ಕೊಳೋ ತಮ್ಮ" ಎಂದು ಹೇಳಿ ಅವರು ಮಲಗಿದರು. ನನಗೆ ಆವತ್ತು ಯಕ್ಷಗಾನಕ್ಕೆ ಹೋಗುವ ಆತುರ. ನೆರಳಿನಲ್ಲಿಟ್ಟರೆ ಮೂರು ದಿನವಾದರೂ ಒಣಗದ ಹವೆ. ಮಲೆನಾಡಿನ ಬಚ್ಚಲೊಲೆಯನ್ನು ಬಲ್ಲವರು ಬಲ್ಲರು. ಮಳೆಗಾಲದಲ್ಲಿ ಅದು ಆರುವುದೇ ಇಲ್ಲ. ಹಂಡೆಯ ಕೆಳಗಿನ ನಿಗಿನಿಗಿ ಕೆಂಡದ ಎದುರಿಗೆ ಎರಡು ಬೂಟುಗಳನ್ನೂ ಬಾಯಿ ಮಾಡಿ ಇಟ್ಟು ಓಡಿಹೋದೆ.

ಚರ್ಮವೆಂದರೆ ಏನು ಎಂಬುದನ್ನು ಬಹಳ ವರ್ಷಗಳ ಮೇಲೆ ಧಾರಾವಿಯ ಚರ್ಮದ ಅಂಗಡಿಯೊಂದರಲ್ಲಿ ಕೂತು ತಿಳಿದುಕೊಂಡೆ. ನಮ್ಮ ದಕ್ಷಿಣದ ಹಳೆಯ ಹದಗಾರರು ತಂಗಡಿಯ ತೊಗಟೆ, ಅಳಲೆಕಾಯಿಗಳ ಒಗರಿನಲ್ಲಿ ತೊಗಲನ್ನು ನೆನೆಸಿ ಹದ ಮಾಡುತ್ತಿದ್ದರು. ಹಾಗೆ ಹದವಾದ ಚರ್ಮ ಒಣಗಿದ್ದಾಗ ಎಷ್ಟೇ ಗಟ್ಟಿಯಾದರೂ ಒದ್ದೆಯಾಗಿದ್ದಾಗ ಬಿಸಿಯನ್ನು ತಡೆಯದು. ನೀರು ಕುದಿಯುವಷ್ಟು ಕಾವು ಬೇಕಿಲ್ಲ, ಅದಕ್ಕಿಂತ ಕಡಮೆಯಲ್ಲೇ ಒಳಗಿನ ನಾರುಗಳು ಸುರುಟಿಕೊಳ್ಳುತ್ತವೆ. ಒಮ್ಮೆ ಸುರುಟಿತೆಂದರೆ ಯಾವ ಎಣ್ಣೆಯಿಂದಲೂ ಅದನ್ನು ಹಿಂದಿನಂತೆ ಮಾಡಲಾಗದು. ಈಗಿನ ಕ್ರೋಮ್ ಹದದ ಚರ್ಮ ಇನ್ನೂ ಹೆಚ್ಚು ಕಾವು ತಾಳುತ್ತದೆ. ಆದರೆ ಈಗಿನ ಬೂಟುಗಳಲ್ಲಿ ಅಟ್ಟೆಯನ್ನು ಹಿಡಿದಿರುವುದು ಹೊಲಿಗೆಯಲ್ಲ, ಅಂಟು. ಅದೂ ಬೆಂಕಿಯ ಮುಂದೆ ಬಿಟ್ಟುಕೊಡುತ್ತದೆ.

ನಾಲ್ಕು ಗಂಟೆಗೆ ಬಂದು ನೋಡಿದಾಗ ಬೂಟು ಒಣಗಿತ್ತು. ಹಪ್ಪಳದಂತೆ ಒಣಗಿತ್ತು. ಮುಂಭಾಗ ಮೇಲಕ್ಕೆ ಸೆಟೆದುಕೊಂಡು, ಬೆರಳು ಮಡಚುವ ಜಾಗದಲ್ಲಿ ಕೂದಲೆಳೆಯಂಥ ಬಿರುಕುಗಳು. ಟಯರು ಹೊಲಿದ ದಾರ ಒಂದು ಕಡೆ ಕರಕಲಾಗಿತ್ತು. ನನ್ನ ಎದೆ ಹಾರಿತು. ಆಗಲೇ ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಡಬ್ಬಿಯ ಪಾಕವನ್ನೆಲ್ಲ ಬಳಿದು, ಮೇಲೆ ಮಸಿ ಸವರಿ, ಬಿರುಕು ಕಾಣದಂತೆ ಮಾಡಿ ಜಗಲಿಯಲ್ಲಿಟ್ಟೆ. ಕತ್ತಲಲ್ಲಿ ಚಿಕ್ಕಯ್ಯ ಬಂದು ಕಾಲು ತೂರಿಸಿದರು. "ಏನೋ ಬಿಗಿ ಆದಂಗೆ ಐತಲ್ಲೋ" ಅಂದರು. "ಮಳೆಗೆ ಚಿಕ್ಕಯ್ಯ" ಅಂದೆ.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಹಳ್ಳ ದಾಟುವಾಗ ಎಡಗಾಲಿನ ಅಟ್ಟೆ ಮುಂದಿನಿಂದ ಬಿಚ್ಚಿಕೊಂಡು ಒಂದು ಬೇರಿಗೆ ಸಿಕ್ಕಿತು. ಚಿಕ್ಕಯ್ಯ ಕೋವಿಯೊಡನೆ ಬಂಡೆಯ ಮೇಲೆ ಬಿದ್ದರು. ಹಳ್ಳ ದಾಟುವ ಮುಂಚೆ ಕೇಪು ತೆಗೆದು ಜೇಬಿಗೆ ಹಾಕುವುದು ಅವರ ನಿಯಮ. ಆ ನಿಯಮದಿಂದಾಗಿ, ಅವರ ಹಿಂದೆಯೇ ನಾಯಿಯ ಹಗ್ಗ ಹಿಡಿದು ಬರುತ್ತಿದ್ದ ನಾನು ಇದನ್ನು ಬರೆಯಲು ಉಳಿದಿದ್ದೇನೆ. ಅವರ ಮೊಣಕಾಲ ಚಿಪ್ಪು ಒಡೆದಿತ್ತು. ಬರಿಗಾಲಿನ ಆಳುಗಳೇ ಕಂಬಳಿಯ ಜೋಲಿ ಕಟ್ಟಿ ಅವರನ್ನು ಹೊತ್ತು ತಂದರು. ಮೂಳೆ ಕಟ್ಟುವವರು ಬಂದು ಬಿದಿರ ಸೀಳು ಕಟ್ಟಿ ಹೋದರು. ಕಾಲು ಕೂಡಿತು, ಆದರೆ ಮಡಚಲಿಲ್ಲ. ಮತ್ತೆ ಅವರು ಮೇಲಿನ ಕಾಡಿಗೆ ಹತ್ತಲಿಲ್ಲ. ಮದುವೆಯ ಮಾತುಕತೆಯೊಂದು ನಡೆದಿತ್ತು, ಅದೂ ಮುರಿಯಿತು.

ಹೇಗಾಯಿತು ಎಂದು ಕೇಳಿದವರಿಗೆಲ್ಲ ಚಿಕ್ಕಯ್ಯ, "ಹಳೇ ಬೂಟು ಮಾರಾಯ, ಅದರ ಆಯಸ್ಸು ಮುಗಿದಿತ್ತು" ಅನ್ನುತ್ತಿದ್ದರು. ಅಪ್ಪನಿಗೂ ಹಾಗೆಯೇ ಹೇಳಿದರು. ಹದಿನೈದು ದಿನದ ಮೇಲೆ ನಾನು ಅವರ ಹಾಸಿಗೆಯ ಪಕ್ಕ ಗಂಜಿಯ ತಟ್ಟೆ ಇಟ್ಟು ಹೊರಡುವಾಗ ಕರೆದರು. ಆ ಬೂಟು ಮಂಚದ ಕೆಳಗಿತ್ತು. ಅದರ ಸುರುಟಿದ ಮೂತಿಯನ್ನು ಬೆರಳಿನಲ್ಲಿ ಸವರಿ, ಬೇರೆ ಯಾರಿಗೂ ಕೇಳದಂತೆ, "ಒಲೆ ಹತ್ರ ಚರ್ಮ ಇಡಬಾರ್ದು ತಮ್ಮ" ಅಂದರು. ಅಷ್ಟೇ. 1991ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮುಂಬಯಿಗೆ ಬಂದದ್ದು 1974ರಲ್ಲಿ. ಇಷ್ಟೆಲ್ಲ ಕಲಿತವನು ಇಲ್ಲಿ ಜಾಣನಾಗಿರಬೇಕಿತ್ತು. ಮಾರನೆಯ ವರ್ಷ ಆಫೀಸಿನ ಮರಾಠಿ ಗೆಳೆಯರು ರಾಜಮಾಚಿ ಕೋಟೆಗೆ ಕರೆದಾಗ, ಹೊಸದಾಗಿ ಕೊಂಡ ಹೊಳೆಯುವ ಚರ್ಮದ ಬೂಟು ತೊಟ್ಟು ಹೊರಟೆ. "ಚಲ್ನೆ ಸೇ ಢೀಲಾ ಹೋ ಜಾಯೇಗಾ" ಎಂದು ಅಂಗಡಿಯವನು ಹೇಳಿದ್ದನ್ನು ನಂಬಿದ್ದೆ. ಚರ್ಮ ನಡೆದಂತೆ ಅಗಲದಲ್ಲಿ ಸ್ವಲ್ಪ ಬಿಡುತ್ತದೆ, ಉದ್ದದಲ್ಲಿ ಬಿಡುವುದಿಲ್ಲ. ಏರುವಾಗ ಹಿಮ್ಮಡಿ ಸುಲಿಯಿತು, ಇಳಿಯುವಾಗ ಹೆಬ್ಬೆರಳಿನ ಉಗುರು ಕಪ್ಪಾಯಿತು. ಗೆಳೆಯರು ಕ್ಯಾನ್‌ವಾಸಿನ, ರಬ್ಬರ್ ಅಟ್ಟೆಯ ಅಗ್ಗದ "ಹಂಟರ್" ಬೂಟು ತೊಟ್ಟು ಮೇಕೆಗಳಂತೆ ಹತ್ತುತ್ತಿದ್ದರು. ಬೇಟೆ ನಿಂತು ಮೂರು ವರ್ಷವಾಗಿದ್ದರೂ ಬೂಟಿಗೆ ಮಾತ್ರ ಬೇಟೆಯ ಹೆಸರು ಉಳಿದಿತ್ತು. ಅವತ್ತು ರಾತ್ರಿ ಲೋನಾವಳದಿಂದ ಬರುವ ರೈಲಿನಲ್ಲಿ ಬೂಟು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ನಿಂತಿದ್ದೆ. ಚಿಕ್ಕಯ್ಯ ನೋಡಿದ್ದರೆ ಏನನ್ನುತ್ತಿದ್ದರು ಎಂದು ಯೋಚಿಸಿದೆ. ಏನೂ ಅನ್ನುತ್ತಿರಲಿಲ್ಲ. ಅದೇ ಕಷ್ಟ.

ಹೀಗಾಗಿ ಮೊಮ್ಮಗಳ ಫೋನನ್ನು ಬದಿಗಿರಿಸಿ ಅವಳನ್ನು ದಾದರಿಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಹೋಗೋಣವೆಂದಳು. ನಾನು ಸಂಜೆಯೇ ಆಗಬೇಕೆಂದೆ. ದಿನವಿಡೀ ಓಡಾಡಿದ ಪಾದ ಸಂಜೆಗೆ ಊದಿರುತ್ತದೆ, ಕಾಡಿನಲ್ಲಿಯೂ ಊದುತ್ತದೆ. ಕಾಡಿನಲ್ಲಿ ತೊಡುವ ಕಾಲುಚೀಲಗಳನ್ನೇ ಚೀಲದಲ್ಲಿ ಒಯ್ದೆವು: ಒಳಗೆ ತೆಳ್ಳನೆಯದು, ಹೊರಗೆ ಉಣ್ಣೆಯದು. ಉಜ್ಜಾಟವೆಲ್ಲ ಎರಡು ಚೀಲಗಳ ನಡುವೆ ನಡೆದು ಚರ್ಮ ಉಳಿಯುತ್ತದೆ. ಬರಿಯ ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟು ಬೊಬ್ಬೆ ಎಬ್ಬಿಸುತ್ತದೆ.

ಅಂಗಡಿಯ ಹುಡುಗ ಐದು ನಂಬರಿನ ಪೆಟ್ಟಿಗೆ ತಂದ. ದಾರ ಕಟ್ಟದೆ ಕಾಲನ್ನು ಮುಂದಕ್ಕೆ ತಳ್ಳಿ ನಿಲ್ಲಲು ಹೇಳಿದೆ. ಹಿಮ್ಮಡಿಯ ಹಿಂದೆ ನನ್ನ ತೋರುಬೆರಳು ಇಳಿಯಬೇಕು, ಇಳಿಯಲಿಲ್ಲ. ಆರು ತರಿಸಿದೆ, ಇಳಿಯಿತು. ಆಮೇಲೆ ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ದಾರ ಬಿಗಿದು, ನಡೆಸಿದೆ. ಹಿಮ್ಮಡಿ ಏಳಬಾರದು. ಬೂಟು ಮಡಚುವ ಜಾಗವೂ ಬೆರಳಿನ ಬುಡ ಮಡಚುವ ಜಾಗವೂ ಒಂದೇ ಇರಬೇಕು. ಅಂಗಡಿಯ ಮೆಟ್ಟಿಲಿನ ಮೇಲೆ ನಿಲ್ಲಿಸಿ, ಇಳಿಜಾರಿನಲ್ಲಿ ಇಳಿದಂತೆ ಮುಂಗಾಲನ್ನು ಕುಟ್ಟಿಸಿದೆ. ಬೆರಳು ತುದಿಗೆ ತಾಗಿತು. ಬೇರೆ ಮಾದರಿ ತರಿಸಿದೆ. ಏಳನೆಯ ಜೊತೆ ಬರುವ ಹೊತ್ತಿಗೆ ಅಂಗಡಿಯ ಮಾಲೀಕರು ಎದ್ದು ಬಂದು, "ಕಾಕಾ, ಆಪ್ ಫೌಜ್ ಮೇಂ ಥೇ ಕ್ಯಾ?" ಎಂದು ಕೇಳಿದರು. ಮೊಮ್ಮಗಳು ಇನ್ನೊಂದು ಕಡೆ ಮುಖ ತಿರುಗಿಸಿ ನಿಂತಿದ್ದಳು.

ಒಂದು ವಿಷಯದಲ್ಲಿ ಮಾತ್ರ ನಾನು ಸೋತೆ. ನೀರು ಒಳಗೆ ಬರದ ಪದರವಿರುವ ದುಬಾರಿ ಬೂಟು ಕೊಡಿಸಬೇಕೆಂದಿದ್ದೆ. ಅವಳ ಕಡೆಯ ಹಿರಿಯರು ಬೇಡವೆಂದಿದ್ದರಂತೆ. ಹಳ್ಳದ ನೀರು ಮೇಲಿನ ಬಾಯಿಂದಲೇ ಬರುತ್ತದೆ, ಬಂದ ನೀರು ಆ ಪದರದಿಂದಾಗಿ ಹೊರಗೆ ಹೋಗದು, ಒಣಗುವುದೂ ನಿಧಾನ. ವಿಯೆಟ್ನಾಮಿನಲ್ಲಿ ಅಮೆರಿಕದ ಸೈನಿಕರ ಕಾಡುಬೂಟಿಗೆ ನೀರು ಹೊರಹೋಗಲು ಬದಿಯಲ್ಲಿ ತೂತುಗಳನ್ನೇ ಇಟ್ಟಿದ್ದರು ಎಂದು ಅವಳು ನನಗೆ ಪಾಠ ಹೇಳಿದಳು. ಯೋಚಿಸಿದರೆ ಸರಿಯೇ. ಪದರವಿಲ್ಲದ, ಹರಡು ಮುಚ್ಚುವ, ಮೆತ್ತನೆಯ ರಬ್ಬರ್ ಅಟ್ಟೆಯ ಚರ್ಮದ ಬೂಟು ಕೊಂಡೆವು. ಅಟ್ಟೆಯನ್ನು ಅಂಗಡಿಯ ಕಲ್ಲುಹಾಸಿಗೆ ಬಡಿದು ಸದ್ದು ಕೇಳಿ ನೋಡಿದೆ. ಕಾಡಿಗೆ ಹೇಳುವ ಬೂಟಲ್ಲ.

ಆಮೇಲಿನ ಮೂರು ವಾರ ಡೊಂಬಿವಲಿಯ ನಮ್ಮ ಕಟ್ಟಡದವರಿಗೆ ಒಳ್ಳೆಯ ಮೋಜು. ಮೊದಲ ವಾರ ಮನೆಯೊಳಗೆ ಒಂದೊಂದು ಗಂಟೆ. ಎರಡನೆಯ ವಾರ ನಾಲ್ಕು ಮಹಡಿಯ ಮೆಟ್ಟಿಲು, ಹತ್ತು ಸಲ. ಮೂರನೆಯ ವಾರ ಬೆನ್ನಿಗೆ ಐದು ಕಿಲೋ ಅಕ್ಕಿಯ ಚೀಲ ಹೊತ್ತು ಅದೇ ಮೆಟ್ಟಿಲು. ಲಿಫ್ಟು ಕೆಟ್ಟಿದೆಯೇ ಎಂದು ಕೆಳಗಿನ ಮನೆಯ ಕಾಕೂ ವಿಚಾರಿಸಿಕೊಂಡು ಹೋದರು. ಬಲಗಾಲಿನ ಕಿರುಬೆರಳು ಬಿಸಿಯಾಗುತ್ತದೆ ಎಂದಳು. ಬಿಸಿಯಾದಾಗಲೇ ಪಟ್ಟಿ ಅಂಟಿಸಬೇಕು, ಬೊಬ್ಬೆ ಎದ್ದಮೇಲಲ್ಲ. ಉಗುರನ್ನು ನೇರವಾಗಿ ಗಿಡ್ಡ ಕತ್ತರಿಸಲು ಹೇಳಿದೆ. ಉಂಬಳಕ್ಕೆಂದು ಅವಳಜ್ಜಿ ಒತ್ತು ನೇಯ್ಗೆಯ ಹತ್ತಿ ಬಟ್ಟೆಯಲ್ಲಿ ಮೊಣಕಾಲಿನವರೆಗೆ ಬರುವ ಎರಡು ಜೊತೆ ಚೀಲ ಹೊಲಿದಳು. ಊಟದ ಚಿಂತೆಯವಳು ಕೊನೆಗೆ ನನ್ನ ಪಕ್ಷಕ್ಕೇ ಬಂದಳು. ಹರಳೆಣ್ಣೆಯ ವಾಸನೆ ಬೇಡವೆಂದು ಮೊಮ್ಮಗಳು ಹಟ ಹಿಡಿದದ್ದರಿಂದ ಬರಿಯ ಜೇನುಮೇಣ ಬಿಸಿ ಮಾಡಿ ಹೊಲಿಗೆಗೆ ತಿಕ್ಕಿಕೊಟ್ಟೆ. ಬೆರಳುಗಳು ಅರವತ್ತು ವರ್ಷದ ಹಿಂದಿನ ಕೆಲಸವನ್ನು ಮರೆತಿರಲಿಲ್ಲ.

ಅವಳು ಹೊರಡುವ ಹಿಂದಿನ ರಾತ್ರಿ ಚಿಕ್ಕಯ್ಯನ ಸಂಗತಿಯನ್ನು ಹೇಳಿದೆ. ಹೆಂಡತಿಗೂ ಹೇಳದೆ ಇದ್ದದ್ದು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಮೊದಲಿನಿಂದ್ಲೂ ಗೊತ್ತಿತ್ತಾ ಅಜ್ಜ?" ಎಂದು ಕೇಳಿದಳು. ಕತ್ತಲಲ್ಲಿ ಬೂಟು ತೊಡುವಾಗಲೇ ಮಸಿಯ ವಾಸನೆ ಬಂದಿರಬೇಕಲ್ಲ ಎಂಬುದು ಅವಳ ಅನುಮಾನ. ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಪ್ರಶ್ನೆ ಅದು. ಆ ರಾತ್ರಿ ನಿದ್ರೆ ಬರಲಿಲ್ಲ.

ನವೆಂಬರಿನ ಎರಡನೆಯ ವಾರ ಅವಳ ಫೋನು ಬಂತು. ಅಕಾಲದ ಮಳೆ, ಹಳ್ಳ ದಾಟಿ ಬಂದಿದ್ದಾಳೆ, ಬೂಟು ಪೂರಾ ಒದ್ದೆ, ಬಿಡಾರದಲ್ಲಿ ದೊಡ್ಡ ಬೆಂಕಿ ಹಾಕಿದ್ದಾರೆ, ಎಲ್ಲರೂ ಅದರ ಸುತ್ತ ಕೂತಿದ್ದಾರೆ. ನಾನು ಬಾಯಿ ತೆರೆಯುವುದರೊಳಗೆ, "ಹೆದರಬೇಡ ಅಜ್ಜ, ಬೂಟು ಒಳಗಿನ ಕೋಣೆಯಲ್ಲಿದೆ. ಕಾಗದ ತುರುಕಿ ಇಟ್ಟಿದ್ದೀನಿ, ಎರಡು ಸಲ ಬದಲಾಯಿಸಿದೆ" ಅಂದಳು.

ಅಲ್ಲಿ ಅಷ್ಟು ಕಾಗದ ಎಲ್ಲಿ ಸಿಕ್ಕಿತು ಎಂದು ಕೇಳಿದೆ.

ಬಿಡುವಿನಲ್ಲಿ ಓದಲೆಂದು ಅವಳ ಚೀಲದ ತಳದಲ್ಲಿ ನಾನೇ ನಮ್ಮ ಸಂಘದ ಈ ಮಾಸಪತ್ರಿಕೆಯ ನಾಲ್ಕು ಹಳೆಯ ಸಂಚಿಕೆಗಳನ್ನು ಇಟ್ಟಿದ್ದೆ. ಸಂಪಾದಕರು ಕ್ಷಮಿಸಬೇಕು. ನುಣುಪು ಕಾಗದವಾಗಿದ್ದರೆ ನೀರು ಹೀರುತ್ತಿರಲಿಲ್ಲವಂತೆ, ನಮ್ಮದು ಬಹಳ ಚೆನ್ನಾಗಿ ಹೀರಿತಂತೆ.